ಹಾರಪ್ಪನ ಕಾಲುಚೀಲ

ಹಾಚಿನೋಹೆ, ಬಂದರಿನ ಬದಿ, ಒಂಬತ್ತನೆಯ ಮಹಡಿ.
ಕೋಣೆಯೆಂದರೆ ಹಾಸಿಗೆ, ಹಾಸಿಗೆಯೆಂದರೆ ಕೋಣೆ.
ಪೆಟ್ಟಿಗೆ ತೆರೆಯಬೇಕಾದರೆ ನಾನು ಮೇಲೇರಬೇಕು,
ನಾನು ಇಳಿಯಬೇಕಾದರೆ ಪೆಟ್ಟಿಗೆ ಮುಚ್ಚಬೇಕು.
ಕಿಟಕಿ ತೆರೆಯುವುದು ಒಂದೇ ಗೇಣು;
ಆ ಗೇಣಿನೊಳಗೆ ಕಡಲು, ಹಿಮ,
ಕಣವೆ ಮೀನಿನ ದೋಣಿಯ ದೀಪ.

ಕೌಂಟರಿನಲ್ಲಿ ಕುರೊಯಿವಾ ಎಂಬಾಕೆ
ನನ್ನ ಹೆಸರನ್ನು ಎರಡು ಸಲ ಬಾಯೊಳಗೆ ಹೊರಳಿಸಿ ನೋಡಿದ್ದಳು.
ಅವರ ನಾಲಗೆಗೆ ಲಕಾರ ಒಗ್ಗದು.
ಹಾಲಪ್ಪ ಹೋಗಿ ಹಾರಪ್ಪನಾದೆ.
ಒಂಬತ್ತನೆಯ ಮಹಡಿಯ ಕೀಲಿ ಕೈಗಿಟ್ಟು
ಹಾರಪ್ಪಾ, ಎಂದರೆ
ಏನರ್ಥವೆಂದು ಹೇಗೆ ಹೇಳಲಿ?
ನಕ್ಕೆ. ಆಕೆಯೂ ಬಾಗಿ ನಕ್ಕಳು.
ಮುಂದಿನ ಊರು, ಮುಂದಿನ ಹೋಟೆಲು ಕೇಳಿದಳು.
ಉಪಚಾರದ ಮಾತೆಂದುಕೊಂಡು ಹೇಳಿದೆ.

ಪಾಯಿಖಾನೆಯ ಪೀಠ ಬೆಚ್ಚಗಿತ್ತು,
ಯಾರೋ ಈಗಷ್ಟೇ ಎದ್ದುಹೋದ ಹಾಗೆ.
ಗುಂಡಿಯೊಂದನ್ನು ಒತ್ತಿದರೆ ಹೊಳೆ ಹರಿದ ಸದ್ದು,
ನನ್ನ ಸದ್ದು ನನಗೂ ಕೇಳದಿರಲೆಂದು.

ಮಡಿಸಿಟ್ಟ ಹತ್ತಿಯ ನಿಲುವಂಗಿ ತೊಟ್ಟು
ಬಿಸಿನೀರ ಕೊಳಕ್ಕೆ ಇಳಿದುಹೋದೆ.
ಬಟ್ಟೆ ಬಿಚ್ಚುವ ಕೋಣೆಯಲ್ಲಿ ಕಾಲೊರೆಸುತ್ತ ಕೂತಿದ್ದ ಮುದುಕ
ನೋಡಿದವನೇ ಎದ್ದುಬಂದ.
ಅಪರಿಚಿತನ ಎದೆಗೆ ಕೈ ಹಾಕುವುದು ಹೇಗೆಂದು ಅಳುಕಿ
ಗಾಳಿಯಲ್ಲೇ ಮಡಿಕೆ ಬದಲಿಸಿ ತೋರಿಸಿದ:
ಎಡದ್ದು ಮೇಲೆ ಬರಬೇಕು.
ಬಲದ್ದು ಮೇಲೆ ಬಂದರೆ...
ಕಣ್ಣು ಮುಚ್ಚಿ ಕತ್ತು ವಾಲಿಸಿದ.
ಹೆಣಕ್ಕೆ ಉಡಿಸುವುದು ಹಾಗೆ!
ಲಿಫ್ಟಿನಲ್ಲಿ, ಐಸು ಉದುರಿಸುವ ಯಂತ್ರದ ಮುಂದೆ
ಎಷ್ಟು ಜನಕ್ಕೆ ಬಾಗಿದ್ದೆನೋ, ಸತ್ತವನಾಗಿ.
ಎಲ್ಲರೂ ತಿರುಗಿ ಬಾಗಿದ್ದರು.

ಇನ್ನು ಕಾಲುಚೀಲ.
ಎಡಗಾಲಿನದು ಹೆಬ್ಬೆರಳ ಬಳಿ ತೂತು.
ಹೊಸ್ತಿಲು ಹೊಸ್ತಿಲಲ್ಲೂ ಬೂಟು ಬಿಚ್ಚಿಸುವ ದೇಶದಲ್ಲಿ
ಮುಚ್ಚಿಡುವ ಗುಟ್ಟಲ್ಲ ಅದು.
ಹೊರಡುವ ಬೆಳಿಗ್ಗೆ ಜೋಡಿಯನ್ನೇ ಕುರ್ಚಿಯ ಕೆಳಗೆ ಬಿಟ್ಟೆ.
ನೋಡಿ, ಬಿಟ್ಟೆ. ಮರೆಯಲಿಲ್ಲ.

ಮೊರಿಯೊಕಾದಲ್ಲಿ ಎರಡನೆಯ ಸಂಜೆ
ತತೆನೋ ಎಂದು ಎದೆಗೆ ಹೆಸರು ಸಿಕ್ಕಿಸಿಕೊಂಡ ಹುಡುಗ
ಎರಡೂ ಕೈಯಲ್ಲಿ ಹಿಡಿದು ಕೊಟ್ಟ, ಒಂದು ಲಕೋಟೆ.
ಒಗೆದು, ಮಡಿಸಿ, ತೆಳು ಕಾಗದ ಸುತ್ತಿ,
ಮದುವೆಗೆ ಕೊಡುವ ಕುಪ್ಪಸದ ಕಣದಂತೆ.
ಒಳಗಿನ ಚೀಟಿಯನ್ನು ಫೋನಿಗೆ ತೋರಿಸಿದರೆ
ಅದು ಓದಿ ಹೇಳಿತು:
ನಿಮ್ಮ ಮರೆತ ವಸ್ತು. ಚಳಿ ಹೆಚ್ಚು. ಕಾಲು ಜೋಪಾನ.

ಈ ಸಲ ಕಸದ ಬುಟ್ಟಿಗೇ ಹಾಕಿದೆ,
ಬಾಳೆಹಣ್ಣಿನ ಸಿಪ್ಪೆಯಡಿ, ಸಾಕ್ಷಿ ಮುಚ್ಚುವ ಕಳ್ಳನ ಹಾಗೆ.

ಸೆಂದಾಯ್‌ಗೆ ನನಗಿಂತ ಮೊದಲೇ ಬಂದು ಕೂತಿತ್ತು.
ತೂತಿರಲಿಲ್ಲ.
ಕಪ್ಪು ಚೀಲಕ್ಕೆ ಕಡುನೀಲಿ ದಾರ,
ದೀಪಕ್ಕೆ ಹಿಡಿದರಷ್ಟೇ ತಿಳಿಯುವುದು.
ಅಡ್ಡ ಹನ್ನೊಂದು ಎಳೆ, ಉದ್ದ ಹನ್ನೊಂದು.
ಈ ಸಲ ಚೀಟಿಯಿಲ್ಲ.
ಮೊರಿಯೊಕಾದ ನಡುದಾರಿಯಲ್ಲಿ ಒಮ್ಮೆ ಕಂಡಿದ್ದಳು
ಕೋಣೆ ಚೊಕ್ಕ ಮಾಡುವವಳು,
ಟವಲಿನ ಗಾಡಿಯನ್ನು ಗೋಡೆಗೊತ್ತಿ
ನನಗೆ ದಾರಿ ಬಿಟ್ಟವಳು, ತಲೆಯೆತ್ತದೆ.
ಬೈತಲೆ ನೆನಪಿದೆ, ಮುಖವಿಲ್ಲ.
ಏಪ್ರನ್ನಿಗೆ ಸೂಜಿ ಚುಚ್ಚಿಕೊಂಡಿದ್ದಳೆ?
ಅದನ್ನು ಈಗ ನಾನೇ ಸೇರಿಸಿರಬೇಕು.

ರಾತ್ರಿ ಹಾಕಿಕೊಂಡೇ ಮಲಗಿದೆ.
ಹೊಲಿದಲ್ಲಿ ಕೊಂಚ ದಪ್ಪ, ಬೆರಳಿಗೆ ಒತ್ತುತ್ತದೆ.
ಗೋಡೆಯಾಚೆ ಯಾರೋ ಕೆಮ್ಮು ನುಂಗಿಕೊಂಡರು.
ನನಗೂ ಗಂಟಲು ಕೆರೆಯಿತು, ನುಂಗಿಕೊಂಡೆ.
ಬಹಳ ಹೊತ್ತು ಹೀಗೇ
ಇಬ್ಬರೂ ಎಚ್ಚರ.

ಬೆಳಿಗ್ಗೆ ಕಪಾಟು, ಮಂಚದಡಿ, ಬಾಗಿಲ ಹಿಂದೆ
ಮೂರು ಸಲ ಹುಡುಕಿದೆ.
ದಿಂಬಿನ ಮೇಲೊಂದು ನರೆಗೂದಲು.
ತೆಗೆಯಲೆಂದು ಬಗ್ಗಿದವನು ಹಾಗೇ ಬಿಟ್ಟು ಬಂದೆ.

ಮುಂದೆಲ್ಲಿಗೆ, ಹಾರಪ್ಪ-ಸಾಮಾ?
ಕೌಂಟರಿನವಳು ಪೆನ್ನು ಹಿಡಿದು ಕೇಳಿದಳು.
ಹೇಳಿದೆ. ಅಕ್ಷರ ಬಿಡಿಸಿ ಹೇಳಿದೆ.